ಸೀನಿನ ಮನೆಗೆ ಬಂದ ನಡುಕ

ಊರು ಯಾವುದೆಂದು ಕೇಳಿದಾಗ, ಈ ಕಥೆಯನ್ನು ನನಗೆ ಹೇಳಿದ ಮೂವರಲ್ಲಿ ಒಬ್ಬರು ಪೂರ್ವಕ್ಕೆ ಕೈ ತೋರಿಸಿದರು, ಇನ್ನೊಬ್ಬರು ಪಶ್ಚಿಮಕ್ಕೆ. ಮೂರನೆಯವಳಾದ ಮುದುಕಿ ಮಾತ್ರ, "ಕಥೆ ಬೇಕೋ, ಊರು ಬೇಕೋ, ಎರಡರಲ್ಲಿ ಒಂದು ಕೇಳು" ಎಂದು ಗದರಿದಳು. ನಾನು ಕಥೆಯನ್ನು ಕೇಳಿದೆ. ಮೂವರ ಮಾತು ಒಂದಾಗುವ ಕಡೆ ಅದನ್ನು ಹಾಗೆಯೇ ಬರೆದುಕೊಂಡಿದ್ದೇನೆ. ಬೇರೆಯಾಗುವ ಕಡೆ ಮುದುಕಿಯ ಪಾಠವನ್ನೇ ಹಿಡಿದಿದ್ದೇನೆ.

ಆ ಊರಿನಲ್ಲಿ ಮನೆಗೊಂದು ಕಾಯಿಲೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಕ್ಕಳಿಗೆ ಇಳಿದು ಬಂದದ್ದು. ಮನೆಯ ಹೆಸರೂ ಅದೇ. ಅರೆತಲೆನೋವಿನ ಮನೆಯ ಮುಂದೆ ಯಾರೂ ಒನಕೆ ಎತ್ತುತ್ತಿರಲಿಲ್ಲ. ಇರುಳುಗಣ್ಣಿನ ಮನೆಯ ಮದುವೆಗಳಿಗೆಲ್ಲ ನಡುಹಗಲಿನ ಮುಹೂರ್ತ. ಉಬ್ಬಸದ ಮನೆಯವರೊಂದಿಗೆ ಜಗಳಕ್ಕೆ ನಿಂತವರು, ಅವರಿಗೆ ಉಸಿರು ತಿರುಗುವವರೆಗೆ ಕಾದಿದ್ದು ಆಮೇಲೆ ಬೈಗುಳವನ್ನು ಮುಂದುವರಿಸುವುದು ಮರ್ಯಾದೆ. ಇಷ್ಟರಲ್ಲಿ ವಿಶೇಷವೇನೂ ಇಲ್ಲ. ಆದರೆ ಅಲ್ಲಿಯ ಕಾಯಿಲೆ ಬರಿಯ ರಕ್ತವನ್ನು ಹಿಡಿದು ಹೋಗುತ್ತಿರಲಿಲ್ಲ. ಯಾರು ಯಾರಿಗೆ ಸೇರಿದವರು ಎಂಬುದನ್ನು ಹಿಡಿದು ಹೋಗುತ್ತಿತ್ತು. ಮದುವೆಯಾಗಿ ಬಂದ ಹೆಣ್ಣಿಗೆ ಎರಡು ಮೂರು ವರ್ಷದಲ್ಲಿ ತವರಿನ ಕಾಯಿಲೆ ಬಿಟ್ಟು ಗಂಡನ ಮನೆಯದು ಹತ್ತುತ್ತಿತ್ತು. ದತ್ತು ಬಂದ ಕೂಸಿಗೆ ಆರು ತಿಂಗಳು ಸಾಕು. ಒಮ್ಮೆ ಒಂದು ಎಮ್ಮೆಗಾಗಿ ಎರಡು ಮನೆಗಳು ಚಾವಡಿ ಹತ್ತಿದಾಗ, ಊರಿನ ನಾಡಿ ಪಂಡಿತರು ಅದನ್ನು ಕತ್ತಲೆಯ ಕೊಟ್ಟಿಗೆಯಿಂದ ಬಿಸಿಲಿಗೆ ಹೊಡೆಸಿದರಂತೆ. ಎಮ್ಮೆ ಸೂರ್ಯನತ್ತ ಮುಖವೆತ್ತಿ ಏಳು ಸಲ ಸೀನಿತು. ಸೀನಿನ ಮನೆಯವರು ಹಗ್ಗ ಹಿಡಿದು ಹೊಡೆದುಕೊಂಡು ಹೋದರು.

ಕಥೆ ನಡೆಯುವುದು ಆ ಎಮ್ಮೆ ಸೇರಿದ ಮನೆಯಲ್ಲಿಯೇ. ಸೀನಿನ ಮನೆಯವರು ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ಸಾಕು, ಏಳಕ್ಕೆ ಕಡಿಮೆಯಿಲ್ಲದಂತೆ ಸೀನುತ್ತಿದ್ದರು. ಅದಕ್ಕೆಂದು ಸೂರಿನ ಸುತ್ತ ಗೋಣಿತಾಟು ಇಳಿಬಿಟ್ಟಿದ್ದರು. ಕೊಡೆಯಿಲ್ಲದೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಹೀಗಿದ್ದೂ ಅವರ ಕಸುಬು ಹಪ್ಪಳದ್ದು. ಹಪ್ಪಳಕ್ಕೆ ಬಿಸಿಲು ಬೇಕು, ಬಿಸಿಲಲ್ಲಿ ನಿಂತರೆ ಸೀನು ಬರುತ್ತದೆ, ಸೀನು ಬಿದ್ದ ಹಪ್ಪಳವನ್ನು ಯಾರು ತಿನ್ನುತ್ತಾರೆ? ತಲೆಮಾರುಗಳಿಂದ ಅವರು ಮೂಗಿಗೆ ಬಟ್ಟೆ ಕಟ್ಟಿ, ಹಿಂದುಹಿಂದಕ್ಕೆ ನಡೆಯುತ್ತ, ಸೂರ್ಯನಿಗೆ ಬೆನ್ನು ಹಾಕಿಯೇ ಹಪ್ಪಳ ಹರಡುತ್ತಿದ್ದರು. ಇಂಥ ಮನೆಗೆ, ಹನ್ನೊಂದು ವರ್ಷದ ಹಿಂದೆ, ನಡುಕದ ಮನೆಯಿಂದ ದಾಕ್ಷಾಯಿಣಿ ಹಿರಿಯ ಸೊಸೆಯಾಗಿ ಬಂದಳು.

ದಾಕ್ಷಾಯಿಣಿಗೆ ಬಿಸಿಲಿನಿಂದ ಏನೂ ಆಗುತ್ತಿರಲಿಲ್ಲ. ಮಾಳಿಗೆಯ ಮೇಲೆ ನೆಟ್ಟಗೆ ನಿಂತು, ಸೂರ್ಯನನ್ನು ಕಣ್ಣಾರೆ ನೋಡುತ್ತ ಹಪ್ಪಳ ಹರಡಿ ಇಳಿದು ಬರುತ್ತಿದ್ದಳು. ಮನೆಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಅನುಕೂಲವೇ ಅವಳ ಮೇಲಿನ ದೂರೂ ಆಗಿತ್ತು. ಅವಳು ಬಂದ ಐದು ವರ್ಷದ ಮೇಲೆ ಮನೆ ಸೇರಿದ ಓರಗಿತ್ತಿ ರುದ್ರಾಣಿ ಮೊದಲ ಯುಗಾದಿಗೇ ಒಂಬತ್ತು ಸೀನು ಸೀನಿ ಅತ್ತೆಯಿಂದ ಹೊಸ ಸೀರೆ ಪಡೆದಿದ್ದಳು. ದಾಕ್ಷಾಯಿಣಿಯ ಮಗಳು ಚಂಪಾ ತೊಟ್ಟಿಲಲ್ಲಿದ್ದಾಗಲೇ ಸೀನಿದವಳು.

ಅತ್ತೆ ಗುರುಸಿದ್ದಮ್ಮ ಈ ಮಾತನ್ನು ದಿನಕ್ಕೊಮ್ಮೆಯಾದರೂ ಎತ್ತದೆ ಬಿಡುತ್ತಿರಲಿಲ್ಲ. "ಹನ್ನೊಂದು ವರ್ಷ ನಮ್ಮ ಅನ್ನ ತಿಂದ್ಲು, ಒಂದು ಸೀನು ಬರ್ಲಿಲ್ಲ. ನಮ್ಮ ಎಮ್ಮೆ ಮೂರು ತಿಂಗಳಿಗೇ ಸೀನ್ತು ಕಣೆ."

"ಎಮ್ಮೆಗೆ ನೀವು ದಿನಾ ಮೈ ತಿಕ್ತಿದ್ರಿ, ಅತ್ತೆ."

"ಬಾ, ನಿಂಗೂ ತಿಕ್ತೀನಿ, ತೆಂಗಿನ ನಾರು ತಗೊಂಡು ಬಾ."

ಮಾತಿಗೆ ಮಾತು ಕೊಟ್ಟರೂ ದಾಕ್ಷಾಯಿಣಿಯ ಒಳಗೆ ಬೇರೆಯೇ ಒಂದು ಅಳುಕಿತ್ತು. ಸೀನು ಬಾರದಿದ್ದುದು ಊರಿಗೇ ಗೊತ್ತು; ನಡುಕ ಹೋಗದಿದ್ದುದು ಯಾರಿಗೂ ಗೊತ್ತಿಲ್ಲವೆಂದು ಅವಳು ನಂಬಿದ್ದಳು. ಸುಮ್ಮನೆ ಇಟ್ಟ ಕೈ ಸುಮ್ಮನೆ ಇರುತ್ತಿತ್ತು. ಏನನ್ನಾದರೂ ಹಿಡಿಯ ಹೋದರೆ, ಅದರಲ್ಲೂ ಯಾರಾದರೂ ನೋಡುತ್ತಿದ್ದರೆ, ಬೆರಳಿನಿಂದ ಮೊಣಕೈವರೆಗೆ ಸಣ್ಣಗೆ ನಡುಗುತ್ತಿತ್ತು. ಅದಕ್ಕೆ ಅವಳು ಮಾಡಿಕೊಂಡ ಉಪಾಯಗಳನ್ನು ಮುದುಕಿ ಬೆರಳು ಮಡಿಸಿ ಎಣಿಸಿದಳು: ಸಾರನ್ನು ಸೌಟಿನ ಅರ್ಧಕ್ಕೆ ಮಾತ್ರ ತುಂಬುವುದು, ನೀರಿನ ಚೊಂಬನ್ನು ಎರಡೂ ಕೈಯಿಂದ ಹಿಡಿದು ಅದನ್ನು ಭಕ್ತಿಯೆಂದು ತೋರಿಸುವುದು, ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕಿತೆಂದು ಎದ್ದು ಹೋಗುವುದು, ಗಾಜಿನ ಬಳೆಗಳು ಗಲಗಲವೆಂದು ಗುಟ್ಟು ಹೇಳದಂತೆ ಅವುಗಳಿಗೆ ದಾರ ಸುತ್ತಿ ಬಿಗಿಯುವುದು. ಹಪ್ಪಳ ಲಟ್ಟಿಸುವಾಗ ಮಾತ್ರ ಉಪಾಯ ನಡೆಯಲಿಲ್ಲ. ಅವಳು ಲಟ್ಟಿಸಿದ ಹಪ್ಪಳದ ಅಂಚು ಅಲೆಅಲೆಯಾಗಿ ಬರುತ್ತಿತ್ತು. "ನಮ್ಮ ಕಡೆ ಹಿಂಗೇ ಲಟ್ಟಿಸೋದು" ಎಂದು ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಪರೀಕ್ಷೆ ಬಂತು. ಹನ್ನೆರಡು ವರ್ಷಕ್ಕೊಮ್ಮೆ ನಾಡಿ ಪಂಡಿತರು ಚಾವಡಿಯಲ್ಲಿ ಕುಳಿತು ಮನೆಮನೆಯವರನ್ನೂ ಕರೆದು, ಯಾರು ಯಾವ ಮನೆಗೆ ಸೇರಿದವರೆಂದು ಅವರವರ ಕಾಯಿಲೆಯಿಂದಲೇ ತೀರ್ಮಾನಿಸುವುದು ಆ ಊರಿನ ಪದ್ಧತಿ. ಒಂದು ಮನೆಯಲ್ಲಿದ್ದು ಇನ್ನೊಂದು ಮನೆಯ ಕಾಯಿಲೆಯುಳ್ಳವರು ಅಂದೇ ಸೂರ್ಯ ಮುಳುಗುವುದರೊಳಗೆ ತಮ್ಮ ಕಾಯಿಲೆಯ ಮನೆಗೆ ಹೊರಟುಬಿಡಬೇಕು. ಗಂಡ ಹಿಂದೆ ಹೋಗುವಂತಿಲ್ಲ, ಮಗಳು ಹೋಗುವಂತಿಲ್ಲ. ಅವರ ಕಾಯಿಲೆ ಬೇರೆ. ಹೋದ ಪರೀಕ್ಷೆಯಲ್ಲಿ ಇರುಳುಗಣ್ಣಿನ ಮನೆಯ ಅಳಿಯನೊಬ್ಬನನ್ನು ಹೀಗೆ ಕಳಿಸಿದ್ದರು. ಅವನು ಇಂದಿಗೂ ಸಂಜೆ ಹೊತ್ತು ಹೆಂಡತಿಯ ಮನೆಯ ಕಟ್ಟೆಯ ಮೇಲೆ ಬಂದು ಕುಳಿತು, ಅವಳಿಗೆ ತಾನು ಕಾಣದ ಹೊತ್ತಾದ ಮೇಲೆ ಎದ್ದು ಹೋಗುತ್ತಿದ್ದ.

ತವರಿನಲ್ಲಿ ಈಗ ಅಪ್ಪ ಅಮ್ಮ ಇರಲಿಲ್ಲ. ಅಣ್ಣ ಲಿಂಗಣ್ಣ ಇದ್ದ. ಅಣ್ಣನಿಗಿಂತ ಹೆಚ್ಚಾಗಿ ಅತ್ತಿಗೆ ಇದ್ದಳು. ಅವರ ಮಾತಿರಲಿ, ಚಂಪಾಳ ಜಡೆಯನ್ನು ನಾಳೆ ಯಾರು ಹೆಣೆಯುತ್ತಾರೆ ಎಂದು ಯೋಚಿಸಿದಾಗಲೇ ದಾಕ್ಷಾಯಿಣಿಯ ಕೈ ಸೌಟಿಲ್ಲದೆಯೂ ನಡುಗಿತು. ಪಕ್ಕದ ಬೀದಿಯ ಮುದುಕನಿಂದ ಒಂದು ಚಿಟಿಕೆ ನಶ್ಯ ಕೇಳಿ ತಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆ ದಿನಗಳಲ್ಲಿ ಅವಳನ್ನು ಇನ್ನೊಂದು ಸಂಗತಿ ಉರಿಸುತ್ತಿತ್ತು. ರುದ್ರಾಣಿಯೂ ತನ್ನ ಬಳೆಗಳಿಗೆ ದಾರ ಸುತ್ತಿಕೊಂಡಿದ್ದಳು. ಅವಳು ಲಟ್ಟಿಸಿದ ಹಪ್ಪಳದ ಅಂಚೂ ಅಲೆಅಲೆಯಾಗಿತ್ತು. ಗಂಡ ನಂಜುಂಡ ಕೂಡ, ಇದ್ದಕ್ಕಿದ್ದ ಹಾಗೆ, ಮಜ್ಜಿಗೆಯ ಲೋಟವನ್ನು ಎರಡು ಕೈಯಿಂದ ಹಿಡಿದು ಕುಡಿಯತೊಡಗಿದ್ದ.

"ಏನ್ರೀ, ನೀವೂ ನನ್ನ ಅಣಕಿಸ್ತೀರಾ?"

"ಅಣಕ ಯಾಕೆ? ಮಜ್ಜಿಗೆಗೆ ಮರ್ಯಾದೆ ಕೊಡ್ತಾ ಇದೀನಿ" ಎಂದು ಅವನು ಮುಖ ತಿರುಗಿಸಿದ. ಮನೆಯವರೆಲ್ಲ ಸೇರಿ ತನ್ನ ಗುಟ್ಟನ್ನು ಕಂಡುಕೊಂಡು ಆಡಿಕೊಳ್ಳುತ್ತಿದ್ದಾರೆಂದು ದಾಕ್ಷಾಯಿಣಿ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅತ್ತೆ ಸೆರಗಿನೊಳಗೆ ಕೈ ಮುದುರಿಕೊಂಡು ಮೂಲೆಯಲ್ಲಿ ಕುಳಿತು ಎಲ್ಲರನ್ನೂ ನೋಡುತ್ತಿದ್ದಳು.

ಪರೀಕ್ಷೆಯ ಬೆಳಿಗ್ಗೆ ಚಾವಡಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಪಂಡಿತ ಚೆನ್ನವೀರಯ್ಯನವರು ಅರೆತಲೆನೋವಿನ ಮನೆಯವರು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಕುಳಿತಿದ್ದರು, ಗಟ್ಟಿಯಾಗಿ ಮಾತಾಡಿದವರನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದರು. ಸೀನಿನ ಮನೆಯವರ ಸರದಿ ಬಂದಾಗ ಒಬ್ಬೊಬ್ಬರನ್ನೂ ಚಾವಡಿಯ ಕತ್ತಲೆ ಕೋಣೆಯಲ್ಲಿ ನೂರು ಎಣಿಸುವಷ್ಟು ಹೊತ್ತು ಕೂರಿಸಿ ಬಿಸಿಲಿಗೆ ಕರೆದರು. ಗುರುಸಿದ್ದಮ್ಮ ಎಂಟು ಸಲ ಸೀನಿದಳು, ಆ ವಯಸ್ಸಿಗೆ ಅದು ದೊಡ್ಡ ಮಾತು ಎಂದು ಜನ ತಲೆದೂಗಿದರು. ನಂಜುಂಡ ಏಳು. ಅವನ ತಮ್ಮ ಏಳು. ರುದ್ರಾಣಿ ಹನ್ನೊಂದು. (ಹದಿಮೂರು ಎಂದು ಹೇಳಿದವರೂ ಇದ್ದಾರೆ, ಅವರು ರುದ್ರಾಣಿಯ ತವರಿನ ಕಡೆಯವರು.) ಚಂಪಾ ಒಂಬತ್ತು ಸೀನಿ, ಕೊನೆಯ ಸೀನಿಗೆ ತಾನೇ ಚಪ್ಪಾಳೆ ತಟ್ಟಿಕೊಂಡಳು.

ದಾಕ್ಷಾಯಿಣಿ ಬಾಗಿಲಿಗೆ ಬಂದಾಗ ಪಂಡಿತರು, "ಕೈ ತೊಳೆದು, ಸೆರಗು ಕೊಡವಿ ಬಾ ತಾಯಿ" ಎಂದರು. ಬೇರೆ ಯಾರಿಗೂ ಹೇಳದಿದ್ದ ಮಾತು. ಊರೆಲ್ಲ ನೋಡುತ್ತಿತ್ತು. ಅವಳು ಗಂಟು ಬಿಚ್ಚಿ ಸೆರಗು ಕೊಡವಿದಳು. ಗಾಳಿ ಚಾವಡಿಯ ಕಡೆಗೆ ಬೀಸುತ್ತಿತ್ತು. ಪಂಡಿತರು ಮೂಗು ಕೆಂಪಾಗುವಂತೆ ಆರು ಸಲ ಸೀನಿದರು.

"ಇನ್ನೊಂದು ಬರ್ಲಿ ಪಂಡಿತರೇ, ಏಳಾದ್ರೆ ನಮ್ಮನೆಗೇ ಬಂದ್ಬಿಡಿ!" ಎಂದು ಗುರುಸಿದ್ದಮ್ಮ ಕೂಗಿದಳು. ನಗುವಿಗೆ ಪಂಡಿತರ ತಲೆನೋವು ಇನ್ನೂ ಒಂದು ಬೆರಳು ಮೇಲೇರಿತು.

ದಾಕ್ಷಾಯಿಣಿ ಬಿಸಿಲಿನಲ್ಲಿ ನಿಂತು ಸೂರ್ಯನನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಬಾಯಿ ಅಗಲಿಸಿ, "ಆಕ್ಷೀ" ಎಂದಳು.

ಜನ ಮುಖಮುಖ ನೋಡಿಕೊಂಡರು. "ಇದು ಗಂಟಲಿನದು" ಎಂದ ಒಬ್ಬ. "ಗಂಟಲಿನದೂ ಅಲ್ಲ, ನಾಲಿಗೆಯದು" ಎಂದ ಉಬ್ಬಸದ ಮನೆಯ ಹಿರಿಯ, ಉಸಿರು ಎಳೆದುಕೊಳ್ಳುತ್ತ.

ಪಂಡಿತರು ಒಂದು ಬಟ್ಟಲು ತರಿಸಿ, ಅಂಚಿನವರೆಗೆ ಮಜ್ಜಿಗೆ ತುಂಬಿಸಿ ಅವಳ ಕೈಗೆ ಕೊಡಿಸಿದರು. ನಡುಕದ ಮನೆಯವರ ಪರೀಕ್ಷೆ ಅದು: ಬಟ್ಟಲು ಹಿಡಿದು ಏಳು ಹೆಜ್ಜೆ ನಡೆಯಬೇಕು. ದಾಕ್ಷಾಯಿಣಿ ಎರಡನೆಯ ಹೆಜ್ಜೆ ಇಡುವುದರೊಳಗೆ ಬಳೆಯ ದಾರ ಕಳಚಿ ಗಾಜು ಗಲಗಲವೆಂದಿತು. ನಾಲ್ಕನೆಯದಕ್ಕೆ ಬಟ್ಟಲಲ್ಲಿ ಅರ್ಧ ಮಜ್ಜಿಗೆಯೂ ಉಳಿಯಲಿಲ್ಲ.

"ನಡುಕದ ಮನೆ" ಎಂದರು ಪಂಡಿತರು. "ಹೊತ್ತು ಮುಳುಗೋದ್ರೊಳಗೆ ಹೊರಡು ತಾಯಿ. ಲಿಂಗಣ್ಣ ಎಲ್ಲಿ? ತಂಗೀನ ಕರ್ಕೊಂಡು ಹೋಗಪ್ಪ."

ಗುಂಪಿನ ಹಿಂದೆ ನಿಂತಿದ್ದ ಲಿಂಗಣ್ಣ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅವನ ಹೆಂಡತಿ, "ಕೋಣೆಯಲ್ಲಿ ರಾಗಿ ಮೂಟೆ ಇದೆ" ಎಂದಳು. ಚಂಪಾ ಓಡಿಬಂದು ತಾಯಿಯ ಒದ್ದೆ ಸೆರಗನ್ನು ಹಿಡಿದುಕೊಂಡಳು. ದಾಕ್ಷಾಯಿಣಿ ಖಾಲಿ ಬಟ್ಟಲನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೆಯೇ ನಿಂತಿದ್ದಳು. ಯಾರಾದರೂ ಆ ಬಟ್ಟಲನ್ನಾದರೂ ತೆಗೆದುಕೊಂಡರೆ ಸಾಕು ಎನ್ನಿಸಿತು ಅವಳಿಗೆ.

ತೆಗೆದುಕೊಂಡವಳು ಗುರುಸಿದ್ದಮ್ಮ. "ತುಂಬೋ ಇದನ್ನ" ಎಂದು ಪಂಡಿತರ ಮುಂದೆ ಹಿಡಿದಳು.

"ನಿಮ್ಮದು ಆಯ್ತಲ್ಲ ಅಮ್ಮ. ಎಂಟು ಸೀನು, ಬರೆದಾಯ್ತು."

"ತುಂಬು ಅಂದ್ರೆ ತುಂಬು. ಚಿಕ್ಕವನಿದ್ದಾಗ ನಿನ್ನ ಮೂಗು ಒರೆಸಿದೋಳು ನಾನು, ಈಗ ಎದುರು ಮಾತಾಡ್ತೀಯಾ?"

ಮಜ್ಜಿಗೆ ತುಂಬಿತು. ಗುರುಸಿದ್ದಮ್ಮ ಸೆರಗಿನೊಳಗಿಂದ ಇನ್ನೊಂದು ಕೈಯನ್ನೂ ಹೊರಗೆ ತೆಗೆದಳು. ಮೊದಲ ಹೆಜ್ಜೆಗೇ ಮಜ್ಜಿಗೆ ಪಂಡಿತರು ಬರೆಯುತ್ತಿದ್ದ ಹೆಸರುಗಳ ಪಟ್ಟಿಯ ಮೇಲೆ ಚೆಲ್ಲಿತು.

ಪಂಡಿತರು ಒಂದು ಕಣ್ಣು ಅರ್ಧ ತೆರೆದು, "ವಯಸ್ಸಿನದು..." ಎಂದು ಶುರು ಮಾಡಿದರು.

"ಯಾರಿಗೋ ವಯಸ್ಸು? ವಯಸ್ಸಿಂದಾದ್ರೆ ಸುಮ್ನೆ ಕೂತಾಗ್ಲೂ ನಡುಗುತ್ತೆ. ನೋಡು, ಬರಿ ಕೈ ನೋಡು." ಬರಿ ಕೈ ಕಲ್ಲಿನಂತೆ ನಿಂತಿತ್ತು. "ಹಿಡಿದ್ರೆ ಮಾತ್ರ ಬರೋದು. ಇವಳದ್ದೇ ಇದು, ತೂಕ ಹಾಕಿ ಕೊಟ್ಟಂಗಿದೆ. ಎರಡು ವರ್ಷ ಆಯ್ತು ಬಂದು. ಹೊರಗೆ ಗೊತ್ತಾದ್ರೆ ಸೊಸೆ ತವರಿಗೆ ನನ್ನ ಅಟ್ಟಿಬಿಡ್ತೀರ ಅಂತ ಮುಚ್ಚಿಟ್ಟಿದ್ದೆ. ಲೋ ನಂಜುಂಡ, ಬಾರೋ ಇಲ್ಲಿ. ಮಜ್ಜಿಗೆಗೆ ಮರ್ಯಾದೆ ಕೊಡೋನು, ಬಾ, ಎಲ್ರ ಮುಂದೆ ಕೊಡು."

ನಂಜುಂಡ ಮೂರು ಹೆಜ್ಜೆಗೆ ಅರ್ಧ ಚೆಲ್ಲಿದ. ಅವನ ತಮ್ಮ, ತನಗೇನೂ ಇಲ್ಲವೆಂದು ಆಣೆ ಹಾಕುತ್ತ ಬಂದವನು, ಆಣೆ ಮುಗಿಯುವುದರೊಳಗೆ ಪಂಚೆ ತೋಯಿಸಿಕೊಂಡ. ರುದ್ರಾಣಿ ಬಟ್ಟಲು ಹಿಡಿಯುವ ಮೊದಲೇ ಅಳತೊಡಗಿದಳು. "ಅಕ್ಕ, ನಿಮ್ಮನ್ನ ನೋಡಿ ಬಳೆಗೆ ದಾರ ಸುತ್ತೋದು ಕಲಿತೆ. ನನಗೊಬ್ಬಳಿಗೇ ಬಂದಿದೆ ಅಂದ್ಕೊಂಡಿದ್ದೆ." ಚಂಪಾ ಮಾತ್ರ ತನ್ನ ಸರದಿಗೆ ಕುಣಿಯುತ್ತ ಬಂದು, ಆರನೆಯ ಹೆಜ್ಜೆಯವರೆಗೆ ಹೇಗೋ ಹೋಗಿ, ಏಳನೆಯದಕ್ಕೆ ಚೆಲ್ಲಿ, "ಅಯ್ಯೋ, ಸೋತೆ" ಎಂದಳು. ಚಾವಡಿಯ ಮಜ್ಜಿಗೆ ಮುಗಿದುಹೋಗಿತ್ತು. ಪಕ್ಕದ ಮನೆಯಿಂದ ಕಡ ತರಿಸಬೇಕಾಯಿತು.

ದಾಕ್ಷಾಯಿಣಿ ಒಬ್ಬೊಬ್ಬರ ಕೈಯನ್ನೂ ನೋಡುತ್ತ ನಿಂತಿದ್ದಳು. ಹನ್ನೊಂದು ವರ್ಷ ತಾನು ಮುಚ್ಚಿಟ್ಟುಕೊಂಡದ್ದನ್ನು ಇವರೆಲ್ಲ ಯಾವಾಗ, ಯಾವ ಊಟದಲ್ಲಿ, ಯಾವ ಜಗಳದ ಮಧ್ಯೆ ತೆಗೆದುಕೊಂಡರು? ಕೋಪ ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಎರಡೂ ಬಂದವೆಂದು ಮುದುಕಿಯ ಅಂಬೋಣ.

ಪಂಡಿತರು ಹಣೆಯ ಬಟ್ಟೆಯನ್ನು ಹಿಂಡಿ ಮತ್ತೆ ಕಟ್ಟಿಕೊಂಡರು. ಒಬ್ಬರಿಗೆ ಎರಡು ಕಾಯಿಲೆ ಅವರು ಕಂಡದ್ದಿಲ್ಲ. "ಹಳೇದಕ್ಕಿಂತ ಹೊಸದು ಗಟ್ಟಿ. ಕೊನೆಗೆ ಬಂದಿರೋ ಕಾಯಿಲೆ ಯಾವುದೋ ಅದೇ ಮನೆ. ಆರು ಜನಾನೂ ನಡುಕದ ಮನೆಗೆ ಹೋಗಬೇಕು" ಎಂದರು.

"ಆರಾ?" ಲಿಂಗಣ್ಣನ ಕೂಗಿಗೆ ಪಂಡಿತರು ಎರಡೂ ಕಣ್ಣು ಮುಚ್ಚಿಕೊಂಡರು. "ಇದೆಲ್ಲಿಯ ನ್ಯಾಯ! ಇವರು ನಮಗೆ ಹೆಂಗೆ ಸೇರ್ತಾರೆ? ನಮ್ಮ ಮನೇಲಿ ಒಂದು ತುತ್ತು ಉಂಡಿಲ್ಲ, ಒಂದು ಹಬ್ಬಕ್ಕೆ ಕರ್ದಿಲ್ಲ. ಬೇಕಾದ್ರೆ ನನ್ನ ಹೆಂಡತೀನ ಕೇಳಿ."

"ಲೋಟ ನೀರು ಕೊಟ್ಟಿಲ್ಲ" ಎಂದಳು ಅವನ ಹೆಂಡತಿ, ಹೆಮ್ಮೆಯಿಂದ.

"ಮತ್ತೆ ನಡುಕ ಎಲ್ಲಿಂದ ಬಂತು?"

"ಇವಳಿಂದ!" ಲಿಂಗಣ್ಣ ತಂಗಿಯ ಕಡೆ ಬೆರಳು ಚಾಚಿದ. ಬೆರಳು ಗಡಗಡ ನಡುಗುತ್ತಿತ್ತು. "ನಮ್ಮಿಂದ ಅಲ್ಲ, ಇವಳಿಂದ. ಇವರೆಲ್ಲ ಇವಳಿಗೆ ಸೇರಿದೋರು. ಎಲ್ಲಿಗಾದ್ರೂ ಇವಳೇ ಕರ್ಕೊಂಡು ಹೋಗ್ಲಿ!"

ಇಡೀ ಬೆಳಿಗ್ಗೆ ಚಾವಡಿಯಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ ಎಂದು ಪಂಡಿತರಿಗೂ ಅನ್ನಿಸಿರಬೇಕು. ಮಜ್ಜಿಗೆಯಲ್ಲಿ ತೋಯ್ದ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಸರಿ ತಾಯಿ, ಇವರು ನಿನ್ನೋರು. ಎಲ್ಲಿಗೆ ಕರ್ಕೊಂಡು ಹೋಗ್ತೀಯ, ಹೇಳು. ಮೆಲ್ಲಗೆ ಹೇಳು" ಎಂದರು.

ಎಲ್ಲರೂ ಅವಳನ್ನೇ ನೋಡಿದರು. ಗುರುಸಿದ್ದಮ್ಮ ಸುಮ್ಮನೆ ಆಕಾಶ ನೋಡುತ್ತಿದ್ದಳು, ತನಗೇನೂ ಸಂಬಂಧವಿಲ್ಲದವಳ ಹಾಗೆ. ದಾಕ್ಷಾಯಿಣಿ ಚಂಪಾಳನ್ನು ಸೊಂಟಕ್ಕೇರಿಸಿಕೊಂಡು, "ಬಂದ ದಾರೀಲೇ ಹೋಗ್ತೀವಿ ಪಂಡಿತರೇ" ಎಂದಳು. ಆರು ಮಂದಿ ಕೊಡೆ ಬಿಚ್ಚಿಕೊಂಡು ಹೊರಟರು. ಕೊಡೆ ಹಿಡಿದ ಕೈಗಳು ನಡುಗುತ್ತಿದ್ದುದರಿಂದ ಬಿಸಿಲು ಆಗಾಗ ಒಳಗೆ ನುಸುಳಿ, ದಾರಿಯುದ್ದಕ್ಕೂ ಐದು ಮಂದಿ ಸೀನುತ್ತಲೇ ಹೋದರು.

ಪಾಠಾಂತರಗಳಲ್ಲಿ ಎರಡು ಇಲ್ಲಿಗೇ ನಿಲ್ಲುತ್ತವೆ. ಮುದುಕಿ ನಿಲ್ಲಿಸಲಿಲ್ಲ.

ಮನೆ ಬಂದಾಗ ಗುರುಸಿದ್ದಮ್ಮ ಹೊಸ್ತಿಲ ಹೊರಗೇ ನಿಂತುಬಿಟ್ಟಳಂತೆ. "ಏನ್ ಅತ್ತೆ, ಒಳಗೆ ಬನ್ನಿ" ಎಂದಳು ದಾಕ್ಷಾಯಿಣಿ.

"ಹಂಗೆಲ್ಲ ನುಗ್ಗೋಕಾಗುತ್ತಾ? ಇದು ಈಗ ನಿನ್ನ ಮನೆ. ನಾನು ಹೊಸದಾಗಿ ಸೇರ್ತಾ ಇರೋಳು. ಆರತಿ ಎಲ್ಲಿ? ಒದೆಯೋಕೆ ಅಕ್ಕಿ ಸೇರು ಎಲ್ಲಿ? ಇಷ್ಟು ಗೊತ್ತಿಲ್ದೋರ ಮನೆಗೆ ನಾನು ಬರಬೇಕಾಯ್ತಲ್ಲ!"

ದಾರಿಹೋಕರು ನಿಂತರು. ದಾಕ್ಷಾಯಿಣಿ ಒಳಗೆ ಹೋಗಿ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರನ್ನಿಟ್ಟು, ತಟ್ಟೆಯಲ್ಲಿ ಕುಂಕುಮದ ನೀರು ಕಲಸಿ ತಂದು ಆರತಿ ಎತ್ತಿದಳು. ತಟ್ಟೆ ನಡುಗಿ ಕೆಂಪು ನೀರು ಅತ್ತೆಯ ಕಾಲ ಮೇಲೆ ಬಿತ್ತು. "ನೆಟ್ಟಗೆ ಹಿಡಿಯೇ" ಎಂದಳು ಗುರುಸಿದ್ದಮ್ಮ, ಬಲಗಾಲನ್ನು ಎತ್ತುತ್ತ.

ಆಗ ದಾಕ್ಷಾಯಿಣಿ ತಟ್ಟೆಯನ್ನು ರುದ್ರಾಣಿಗೆ ಕೊಟ್ಟು, ಎರಡೂ ಕೈಗಳನ್ನು ಬಾಗಿಲಿಗೆ ಅಡ್ಡ ಹಿಡಿದಳು. "ಹೊಸಬರು ಗಂಡನ ಹೆಸರು ಹೇಳ್ದೆ ಹೊಸ್ತಿಲು ದಾಟೋ ಪದ್ಧತಿ ಇಲ್ಲ, ಅತ್ತೆ."

ಗುರುಸಿದ್ದಮ್ಮನ ಎತ್ತಿದ ಕಾಲು ಕೆಳಗಿಳಿಯಿತು. ಮದುವೆಯಾದಾಗ ಆಕೆಗೆ ಒಂಬತ್ತು ವರ್ಷ. ಹೆಸರು ಹೇಳಲಾರದೆ ಅತ್ತಾಗ, ಯಾರೋ ಎತ್ತಿಕೊಂಡು ಒಳಗೆ ಹಾಕಿದ್ದರು. ಆಮೇಲೆ ನಲವತ್ತು ವರ್ಷದ ಸಂಸಾರದಲ್ಲಿ 'ಇವರು', ಅವರು ತೀರಿಕೊಂಡ ಹದಿನಾರು ವರ್ಷದಲ್ಲಿ 'ಅವರು'. ಆ ಹೆಸರು ಆಕೆಯ ಬಾಯಿಂದ ಒಂದು ಸಲವೂ ಬಂದಿರಲಿಲ್ಲ.

"ದಾರಿ ಬಿಡೇ, ಕಾಲು ನೋಯುತ್ತೆ."

"ಹೆಸರು ಹೇಳಿ, ಬಿಡ್ತೀನಿ."

"ಹೇಳಜ್ಜಿ!" ಎಂದಳು ಚಂಪಾ. ನಂಜುಂಡ ತಾಯಿಯ ನೆರವಿಗೆ ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಬೀದಿಯ ಜನ ಇನ್ನಷ್ಟು ಹತ್ತಿರ ಬಂದರು. ಗುರುಸಿದ್ದಮ್ಮ ಸೊಸೆಯನ್ನು ಬೈದಳು, ಸೊಸೆಯ ಅಣ್ಣನನ್ನು ಬೈದಳು, ಪಂಡಿತರನ್ನು ಬೈದಳು. ಬೈಗುಳವೆಲ್ಲ ಮುಗಿದ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲನ್ನು ನೋಡುತ್ತ, "ಮುದ್ದುವೀರಪ್ಪ" ಎಂದಳು.

ಬೀದಿಯಲ್ಲಿ ಯಾರೂ ನಗಲಿಲ್ಲ. ದಾಕ್ಷಾಯಿಣಿ ಬಾಗಿಲಿನಿಂದ ಕೈ ತೆಗೆದಳು. ಕೈ ತೆಗೆಯುವಾಗ ಅವಳ ಕಣ್ಣಿಗೆ ಬಿತ್ತು: ಏನನ್ನೂ ಹಿಡಿಯದೆ, ಸುಮ್ಮನೆ ಇಳಿಬಿಟ್ಟಿದ್ದ ಅತ್ತೆಯ ಬರಿಗೈಗಳೆರಡೂ ನಡುಗುತ್ತಿದ್ದವು.

"ಏನು ನೋಡ್ತೀಯ?" ಎಂದಳು ಗುರುಸಿದ್ದಮ್ಮ. "ಈ ನಡುಕ ನಿಮ್ಮ ಮನೇದಲ್ಲ, ನಂದೇ. ಸರಿ ಆಚೆಗೆ" ಎಂದು ಸೇರನ್ನು ಒದ್ದ ರಭಸಕ್ಕೆ ಅಕ್ಕಿ ನಡುಮನೆಯವರೆಗೂ ಚೆಲ್ಲಿತು.